ನೆವಿಲನ ನೀಲಿ ಬಾಗಿಲು

ಇಂಗ್ಲೆಂಡಿನ ರಾದರಮ್ ಊರಿನಲ್ಲಿ ನೆವಿಲ್ ಹಾರ್ಡ್‌ಕಾಸಲ್ ಮಂಡಿಯೂರದ ಬೀದಿಯೇ ಇಲ್ಲ. ದೇವರ ಮುಂದಲ್ಲ, ಅವನು ಚರ್ಚಿನ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಮನೆಗಳ ನೆಲಕ್ಕೆ ಕಾರ್ಪೆಟ್ ಹಾಸುವುದು ಅವನ ಕಸುಬು. ಆ ಕಸುಬಿನವರು ಮಂಡಿಯಿಂದ ಗುದ್ದಿ ಗುದ್ದಿ ಕಾರ್ಪೆಟ್ಟನ್ನು ಗೋಡೆಯ ಅಂಚಿಗೆ ಎಳೆದು ಕೂರಿಸಬೇಕು. ಐವತ್ತು ದಾಟುವ ಹೊತ್ತಿಗೆ ಅವನ ಎರಡು ಮಂಡಿಯೂ ಕೆಟ್ಟು ಕೂತಿದ್ದವು. ಮನೆಯೊಡತಿಯರು ಕೆಲಸದವರಿಗೆಂದೇ ಬೇರೆ ಇಟ್ಟ, ಅಂಚು ಒಡೆದ ಮಗ್ಗಿನಲ್ಲಿ ಅವನಿಗೆ ಟೀ ಕೊಡುತ್ತಿದ್ದರು. ಅವನು ಬೆನ್ನು ತಿರುಗಿಸಿದ ಮೇಲೆ ಹೊಸ ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ಓಡಾಡಿ ಸುಖಪಡುತ್ತಿದ್ದರು. ನೆವಿಲನ ಸ್ವಂತ ಮನೆಯ ನೆಲ ಮಾತ್ರ ಬರೀ ಹಲಗೆ. ಹೆಂಡತಿ ಬಿಟ್ಟು ಹೋಗುವಾಗ ಹೇಳಿದ ಕಾರಣಗಳಲ್ಲಿ ಅದೂ ಒಂದು.

ಒಂದು ವಿಷಯಕ್ಕೆ ಅವನು ಎದೆ ತಟ್ಟಿಕೊಳ್ಳುತ್ತಿದ್ದ. ಮೂಲೆ ಮುಟ್ಟಿಸದೆ ಅವನು ಯಾವ ಕೋಣೆಯಿಂದಲೂ ಎದ್ದು ಬಂದಿಲ್ಲ. ಜ್ವರ ಬರಲಿ, ಮಂಡಿ ಊದಲಿ, ಶುರು ಮಾಡಿದ್ದನ್ನು ಮುಗಿಸಿಯೇ ಏಳುವುದು. ಲೋಕದಲ್ಲಿ ಕಸುಬು ಮಾಡುವವರೆಲ್ಲ ಹೀಗೇ ಇರುತ್ತಾರೆ ಎಂದು ಪಾಪ ನಂಬಿದ್ದ. ಆ ನಂಬಿಕೆಯೇ ಅವನಿಗೆ ಮುಳುವಾಯಿತು.

ಅವನಿಗೆ ತನ್ನವರು ಎಂದು ಇದ್ದದ್ದು ಇಬ್ಬರು. ಒಬ್ಬಳು ಅಕ್ಕ ಗ್ಲೆನಿಸ್. ಇನ್ನೊಬ್ಬ ಟೋಬಿನ್. ಈ ಟೋಬಿನ್ ಮನುಷ್ಯನಲ್ಲ, ಕಂಪ್ಯೂಟರ್ ಆಟದೊಳಗಿನ ಹೆಬ್ಬೆರಳುದ್ದದ ಹುಡುಗ. ಮನೆಗಳ ಹೊಗೆಗೂಡು ಗುಡಿಸುವವನು. ಗಡಿಯಾರದ ಗೋಪುರದಲ್ಲಿ ಸೆರೆ ಸಿಕ್ಕ ತಂಗಿ ಡಿಲಿಯನ್ನು ಬಿಡಿಸಿಕೊಳ್ಳಲು ಚಾವಣಿಯಿಂದ ಚಾವಣಿಗೆ ನೆಗೆಯುತ್ತಾ, ಕಾಗೆಗಳಿಂದ ತಪ್ಪಿಸಿಕೊಳ್ಳುತ್ತಾ ಹೊರಟವನು. ನೆವಿಲ್ ಹುಡುಗನಾಗಿದ್ದಾಗ ಈ ಆಟ ಒಂದರ ಹಿಂದೆ ಒಂದರಂತೆ ನಾಲ್ಕು ಬಂದವು. ಆಗೆಲ್ಲ ಆಟ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ; ಟೇಪು ಹಾಕಿ, ಅದು ಕಿರ್ರೋ ಎಂದು ಅರಚಿ ಮುಗಿಸುವ ತನಕ ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್, ಅದೂ ಯಾರೋ ಬಳಸಿ ಬಿಟ್ಟದ್ದು. ಮಕ್ಕಳಿಬ್ಬರ ಕಿತ್ತಾಟ ತಾಳಲಾರದೆ ಅವರಮ್ಮ ಒಂದು ದಿನ ಪಂಚಾಯಿತಿ ಮಾಡಿದಳು: ನಡೆಸುವ ಗುಂಡಿಗಳು ಗ್ಲೆನಿಸ್‌ಗೆ, ನೆಗೆಸುವ ಗುಂಡಿ ನೆವಿಲ್‌ಗೆ. ಅಂದಿನಿಂದ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಅವಳು ನಡೆಸಿ ಇವನು ನೆಗೆಸಿ, ಇಬ್ಬರೂ ಸೇರಿ ಒಬ್ಬ ಟೋಬಿನ್ ಆದರು. ನೆವಿಲ್ ನಡೆಸುವುದನ್ನು ಕಲಿಯಲೇ ಇಲ್ಲ. ಕಲಿಯುವ ಅಗತ್ಯವೂ ಬೀಳಲಿಲ್ಲ.

ನಾಲ್ಕನೆಯ ಆಟದ ಕೊನೆಗೆ ಟೋಬಿನ್ ಗೋಪುರದ ತುದಿ ಮುಟ್ಟುತ್ತಾನೆ. ನೀಲಿ ಬಾಗಿಲ ಸಂದಿಯಲ್ಲಿ ಡಿಲಿ ಕೈಬೀಸುತ್ತಾಳೆ. ಅಷ್ಟರಲ್ಲಿ ಬಾಗಿಲು ದಡಾರನೆ ಮುಚ್ಚಿಕೊಂಡು, ಉಳಿದದ್ದು ಮುಂದಿನ ಆಟದಲ್ಲಿ ಎಂಬ ಅಕ್ಷರ ಮೂಡುತ್ತದೆ. ಮುಂದಿನ ಆಟ ಬರಲಿಲ್ಲ. ಆಟ ಮಾಡುತ್ತಿದ್ದವರು ದಿವಾಳಿ ಎದ್ದರು. ನೆವಿಲ್ ಕಾರ್ಪೆಟ್ ಹೊರಲು ಹೋದ, ಗ್ಲೆನಿಸ್ ಮದುವೆಯಾದಳು, ಅಪ್ಪ ಅಮ್ಮ ತೀರಿಕೊಂಡರು. ಮೂವತ್ತು ವರ್ಷ ಮೇಲಾಯಿತು, ಡಿಲಿ ಬಾಗಿಲ ಹಿಂದೆಯೇ ಇದ್ದಳು. ಇದು ಮಕ್ಕಳಾಟದ ಮಾತು ಎಂದು ನಗುವವರು ನಗಲಿ. ಆ ವಯಸ್ಸಿನಲ್ಲಿ ಮನಸ್ಸಿಗೆ ಚುಚ್ಚಿಕೊಂಡ ಮುಳ್ಳು ತಾನಾಗಿ ಹೊರಗೆ ಬರುವುದಿಲ್ಲ.

ಇಂಥ ಹಳೆಯ ಆಟಗಳ ಹುಚ್ಚಿನವರು ಗುರುವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ನರೆತ ತಲೆಗಳು, ಬೆಳೆದ ಹೊಟ್ಟೆಗಳು. ಕೂಟ ಕಟ್ಟಿದವನು ನೆವಿಲ್. ಅಲ್ಲಿದ್ದ ಒಂದೇ ಕಟ್ಟಳೆಯೂ ಅವನದೇ. ಯಾರು ಎಲ್ಲಿಯವರೆಗೆ ಆಡಿದ್ದಾರೋ ಅದರ ಮುಂದಿನದನ್ನು ಅವರಿಗೆ ಯಾರೂ ಹೇಳಕೂಡದು. ಬಾಯಿ ಬಿಟ್ಟವರು ಕ್ರಿಸ್‌ಮಸ್‌ವರೆಗೆ ಎಲ್ಲರ ಮಗ್ಗು ತೊಳೆಯಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಶಾಲೆಯಲ್ಲಿದ್ದಾಗ ಒಬ್ಬ ಮೂರನೆಯ ಆಟದ ಕೊನೆಯನ್ನು ಗೇಟಿನ ಹತ್ತಿರವೇ ಕೂಗಿ ಹೇಳಿಬಿಟ್ಟಿದ್ದ. ನೆವಿಲ್ ಅವನ ಮೂಗು ಒಡೆದಿದ್ದ. ಅಷ್ಟು ವರ್ಷವಾದರೂ ಆ ಸಿಟ್ಟು ಇಳಿದಿರಲಿಲ್ಲ.

ಹೀಗಿರುವಾಗ ಯಾವುದೋ ಹೊಸ ಕಂಪನಿ ಟೋಬಿನ್ನನ್ನು ಮತ್ತೆ ತರುತ್ತೇವೆ, ಈ ಸಲ ಬಾಗಿಲು ತೆರೆಯುತ್ತೇವೆ ಎಂದು ಡಂಗುರ ಹೊಡೆಯಿತು. ಹುಚ್ಚರೆಲ್ಲ ಮುಂಗಡ ಕೊಟ್ಟರು. ಈ ವರ್ಷ, ಮುಂದಿನ ವರ್ಷ ಎಂದು ಸತಾಯಿಸಿ ಸತಾಯಿಸಿ ಕೊನೆಗೆ ಒಂದು ಏಪ್ರಿಲ್‌ನಲ್ಲಿ ಆಟ ಕೈಸೇರಿತು. ಫ್ರಿಜ್ ರಿಪೇರಿಯ ಡೆಸ್ಮಂಡ್, ಶಾಲೆಯ ಬಸ್ಸು ಓಡಿಸುವ ಟ್ರೇಸಿ ಒಂದೇ ವಾರದಲ್ಲಿ ಆಡಿ ಮುಗಿಸಿದರು. ನೆವಿಲ್ ಮುಗಿಸಲಿಲ್ಲ. ಅವನು ಆಡುತ್ತಿದ್ದದ್ದು ಭಾನುವಾರ ಮಾತ್ರ, ಅದೂ ಅಕ್ಕನ ಮನೆಯಲ್ಲಿ. ಡಿಲಿ ಹೊರಗೆ ಬರುವುದನ್ನು ಒಬ್ಬನೇ ನೋಡಿದರೆ ದ್ರೋಹವಾಗುತ್ತದೆ ಎಂದು ಅವನ ಲೆಕ್ಕ. ಫೋನಿನಲ್ಲಿ ಟೋಬಿನ್ ಎಂಬ ಹೆಸರು ಕಂಡರೆ ಸಾಕು, ಬೆಂಕಿ ಮುಟ್ಟಿದವನ ಹಾಗೆ ಕೆಳಗಿಡುತ್ತಿದ್ದ.

ಗ್ಲೆನಿಸ್‌ಗೆ ಗಂಡ ಸತ್ತು, ಕೈಕಾಲು ನಡುಗುವ ಕಾಯಿಲೆ ಹಿಡಿದಿತ್ತು. ಮೊದಲ ಭಾನುವಾರ ಅವಳು ಹಳೆಯ ಹಾಗೆ ಪಕ್ಕದಲ್ಲಿ ಕೂತು ಗುಂಡಿಗಳ ಮೇಲೆ ಬೆರಳಿಟ್ಟಳು. ಬೆರಳು ತನ್ನಷ್ಟಕ್ಕೆ ತಾನು ಕುಣಿಯಿತು. ಟೋಬಿನ್ ನೆಟ್ಟಗೆ ಹೋಗಿ ಹೊಗೆಗೂಡಿಗೆ ಬಿದ್ದ. ಅವಳು ಕಿಲಕಿಲ ನಕ್ಕಳು. ಇನ್ನೊಂದು ಸಲ ಬಿದ್ದಾಗ ನಗಲಿಲ್ಲ. ಎರಡೂ ಕೈಯನ್ನು ಸ್ವೆಟರಿನ ತೋಳೊಳಗೆ ಅಡಗಿಸಿಕೊಂಡಳು.

"ನೀನೇ ಆಡೋ. ನಾನು ಕೂತು ಬೈತೀನಿ," ಎಂದಳು.

"ನಂಗೆ ನಡೆಸೋಕೆ ಬರಲ್ಲ ಗ್ಲೆನಿಸ್."

"ಇಷ್ಟು ದೊಡ್ಡವನಾಗಿ ನಡೆಯೋಕೆ ಬರಲ್ಲ ಅಂದ್ರೆ ಏನಪ್ಪಾ? ಕಲಿ."

ಅವನು ಕಲಿತ. ಬಲಗೈ ಬೆರಳಿಗೆ ನೆಗೆತ ಇನ್ನೂ ನೆನಪಿತ್ತು, ಎಡಗೈ ಮಾತ್ರ ಮೊಂಡು ಹಸುವಿನ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು. ಗ್ಲೆನಿಸ್ ಕುರ್ಚಿಯಲ್ಲಿ ಕೂತು, "ಎಡಕ್ಕೆ, ಎಡಕ್ಕೆ, ನಿಲ್ಲು... ಅಯ್ಯೋ ಕತ್ತೆ, ನಿಲ್ಲು ಅಂದೆ!" ಎಂದು ಕೂಗುತ್ತಿದ್ದಳು. ಬೇರೆಯವರು ಒಂದು ಸಂಜೆಯಲ್ಲಿ ದಾಟಿದ ಚಾವಣಿಗೆ ಇವರಿಗೆ ತಿಂಗಳು ಹಿಡಿಯುತ್ತಿತ್ತು.

ಮೇ ತಿಂಗಳಲ್ಲಿ ಒಂದು ಭಾನುವಾರ ಬಿಸಿಲು ಸೊಗಸಾಗಿತ್ತು. ತಟ್ಟೆಯಲ್ಲಿದ್ದ ಮಾಂಸಕ್ಕೆ ಗ್ರೇವಿ ಸುರಿಯುತ್ತಿದ್ದ ತಮ್ಮನಿಗೆ ಗ್ಲೆನಿಸ್ ಹೇಳಿದಳು: "ನೆವ್, ಕ್ಲೀತಾರ್ಪ್ಸ್‌ಗೆ ಕರ್ಕೊಂಡು ಹೋಗೋ. ಕಾಲು ಇನ್ನೂ ಸ್ವಲ್ಪ ಮಾತು ಕೇಳ್ತಿದೆ. ಸಮುದ್ರದ ದಂಡೆ ಗೋಡೆ ಮೇಲೆ ಕೂತು ಚಿಪ್ಸ್ ತಿಂದು, ಒಂದ್ಸಲ ನೀರಲ್ಲಿ ಕಾಲು ಇಟ್ಟು ಬಂದುಬಿಡೋಣ."

"ಬಾಗಿಲು ತೆರೆದ ಮಾರನೇ ಭಾನುವಾರವೇ ಹೋಗೋಣ. ಈಗ ಕೈಗೆ ಲಯ ಸಿಕ್ಕಿದೆ, ಬಿಟ್ರೆ ಹೋಗುತ್ತೆ."

"ಸಮುದ್ರ ಏನು ಓಡಿಹೋಗಲ್ಲ ಬಿಡು," ಎಂದಳು ಗ್ಲೆನಿಸ್. ಜೂನ್‌ನಲ್ಲಿ ಮತ್ತೆ ಕೇಳಿದಳು. ಜುಲೈನಲ್ಲಿ ಕೇಳಿದಳು. ಅವನು ಪ್ರತಿ ಸಲ, ಇನ್ನೆರಡು ಚಾವಣಿ, ಇನ್ನೊಂದು ಚಾವಣಿ, ಎಂದ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಬಿಟ್ಟದ್ದು ಅವನ ಗಮನಕ್ಕೂ ಬರಲಿಲ್ಲ.

ಗುರುವಾರದ ಕೂಟದಲ್ಲಿ ಅವನು ತಾನೆಲ್ಲಿಗೆ ತಲುಪಿದೆ ಎಂದು ವರದಿ ಒಪ್ಪಿಸುತ್ತಿದ್ದ. ಕೇಳಿದವರೆಲ್ಲ ನೆಲ ನೋಡುತ್ತಿದ್ದರು. ಟ್ರೇಸಿ ಎದ್ದು ಕಿಟಕಿ ತೆಗೆಯಲು ಹೋಗುತ್ತಿದ್ದಳು. ಕೊನೆ ಅಷ್ಟು ಮನಸ್ಸು ಕಲಕುವಂತಿದೆ, ಡೆಸ್ಮಂಡ್‌ನಂಥ ಗಟ್ಟಿ ಆಳೂ ಮಂಕಾಗಿದ್ದಾನೆ ಎಂದು ನೆವಿಲ್ ಒಳಗೊಳಗೇ ಹಿಗ್ಗಿದ.

ಒಂದು ಸಲ ಡೆಸ್ಮಂಡ್ ತಡೆಯಲಾರದೆ ಹೇಳಿದ: "ನೆವ್, ಈ ಬೇಸಿಗೆ ಮತ್ತೆ ಬರಲ್ಲ ಮಾರಾಯ. ಆಟ ಎಲ್ಲಿಗೂ ಹೋಗಲ್ಲ. ಅಕ್ಕನ್ನ ಹೊರಗೆ ಸ್ವಲ್ಪ ಸುತ್ತಾಡಿಸಬಾರದಾ?"

"ನೀನು ಮುಗಿಸಿದ್ದೀಯ, ಆರಾಮಾಗಿ ಹೇಳ್ತೀಯ. ನಾನು ಮುಗಿಸಬಾರದು ಅಂತ ನಿನಗೆ ಹೊಟ್ಟೆಕಿಚ್ಚಾ?"

ಡೆಸ್ಮಂಡ್ ಬಾಯಿ ತೆರೆದ. ಗೋಡೆಯ ಮೇಲಿನ ದಪ್ಪ ಅಕ್ಷರ ನೋಡಿದ. ಬಾಯಿ ಮುಚ್ಚಿದ.

ಸೆಪ್ಟೆಂಬರಿನಲ್ಲಿ ಗ್ಲೆನಿಸ್ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕಾದರೂ ಇಬ್ಬರು ದಾದಿಯರು ಬಂದು ಪಟ್ಟಿ ಕಟ್ಟಿ ಯಂತ್ರದಿಂದ ಎತ್ತಬೇಕಾಯಿತು. ಸಮುದ್ರದ ಮಾತು ಅಲ್ಲಿಗೆ ಮುಗಿಯಿತು. ನೆವಿಲ್ ಇನ್ನಷ್ಟು ಹಟ ಹಿಡಿದು ಆಡಿದ. ಸಮುದ್ರ ಹೋಯಿತು, ಬಾಗಿಲಾದರೂ ತೆರೆಯಲಿ ಎಂದು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಟೋಬಿನ್ ಕೊನೆಯ ಹೊಗೆಗೂಡು ದಾಟಿ ಗೋಪುರದ ತುದಿ ಮುಟ್ಟಿದ. ನೀಲಿ ಬಾಗಿಲು! ನೆವಿಲ್ ತಿರುಗಿ ನೋಡಿದ. ಮಾತ್ರೆಯ ಮಂಪರಿಗೆ ಗ್ಲೆನಿಸ್ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸೋಣವೆಂದುಕೊಂಡ, ಆದರೆ ಬೆರಳು ಕೇಳಲಿಲ್ಲ. ಇನ್ನೊಂದು ಹೆಜ್ಜೆ ನಡೆಸಿಬಿಟ್ಟ.

ಬಾಗಿಲು ತೆರೆಯಲಿಲ್ಲ. ಟೋಬಿನ್ ಅದರೊಳಗೆ ಹೊಗೆಯ ಹಾಗೆ ತೂರಿಹೋದ. ಆಚೆ ಕಡೆ ಕೋಣೆಯಿಲ್ಲ, ಡಿಲಿಯಿಲ್ಲ. ಬರೀ ಬೂದು ಬಣ್ಣ. ಗೋಡೆ ಬರೆದಿರಲಿಲ್ಲ, ನೆಲವನ್ನೇ ಹಾಸಿರಲಿಲ್ಲ. ಕಾಲಡಿ ಏನೂ ಇಲ್ಲದೆ ಟೋಬಿನ್ ಗಾಳಿಯಲ್ಲಿ ಸ್ವಲ್ಪ ದೂರ ನಡೆದ. ಆಮೇಲೊಂದು ಫಲಕ ಬಂತು: ಇಲ್ಲಿಯವರೆಗೆ ಆಡಿದ್ದಕ್ಕೆ ವಂದನೆ, ಉಳಿದದ್ದು ಸದ್ಯದಲ್ಲೇ.

ಮುಗಿಸದೆ ಎದ್ದುಹೋಗಿದ್ದರು, ಕಳ್ಳರು. ಜೀವಮಾನವಿಡೀ ಮೂಲೆ ಮುಟ್ಟಿಸಿದವನು ಆ ಹಾಸದ ನೆಲವನ್ನು ನೋಡುತ್ತಾ ಕೂತ. ಗ್ಲೆನಿಸ್ ಮಿಸುಕಿದ್ದು ಕಂಡು ಟಕ್ಕನೆ ಟಿವಿ ಆರಿಸಿದ.

"ಮುಟ್ಟಿದೆಯೇನೋ? ತೆರೀತಾ?" ಅವಳ ಕಣ್ಣು ಹೊಳೆಯುತ್ತಿತ್ತು.

"ಗ್ಲೆನಿಸ್, ಅಲ್ಲಿ..."

"ಥೂ, ಬಾಯಿ ಮುಚ್ಚು! ಹೇಳಬೇಡ. ನಿದ್ದೆ ಬಂದಿದ್ದು ನನ್ನ ತಪ್ಪು. ನಾನೇ ಕಣ್ಣಾರೆ ನೋಡ್ತೀನಿ. ಮುಂದಿನ ವಾರ ಇನ್ನೊಂದ್ಸಲ ಆಡಿ ತೋರ್ಸು. ಹೇಳಿದ್ಯೋ, ಮಗ್ಗು ತೊಳೆಸ್ತೀನಿ ನೋಡು."

ಸದ್ಯದಲ್ಲೇ ಎಂದು ಬರೆದಿದೆಯಲ್ಲ, ಅಷ್ಟರಲ್ಲಿ ಉಳಿದದ್ದು ಬಂದರೂ ಬರಬಹುದು ಎಂದು ಅವನು ಸುಮ್ಮನಾದ. ಗುರುವಾರ ಕೂಟಕ್ಕೆ ಹೋದವನೇ ಕೇಳಿದ: "ಉಳಿದದ್ದು ಯಾವಾಗ ಬರುತ್ತೆ?"

ಡೆಸ್ಮಂಡ್‌ನೇ ಹೇಳಬೇಕಾಯಿತು. "ಬರಲ್ಲ ನೆವ್. ಆ ಕಂಪನಿ ಮೇ ತಿಂಗಳಲ್ಲೇ ಮುಚ್ಚಿತು. ಮಾಡೋರು ಯಾರೂ ಇಲ್ಲ."

"ಮೇ?" ನೆವಿಲ್ ಆ ಪದವನ್ನೇ ಎರಡು ಸಲ ಹೇಳಿಕೊಂಡ. "ಮೇ ತಿಂಗಳಿಂದ ನಿಮಗೆಲ್ಲ ಗೊತ್ತಿತ್ತು? ನಾನು ಇಲ್ಲಿ ಬಂದು ಕೋತಿ ಹಾಗೆ ಕುಣೀತಿದ್ದಾಗ ಗೊತ್ತಿತ್ತು? ಗ್ಲೆನಿಸ್ ನಡೀತಿದ್ದಳಲ್ಲೋ ಆಗ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕಟ್ಟಳೆ ಮಾಡಿದ್ದು ನೀನು," ಎಂದಳು ಟ್ರೇಸಿ ಕಿಟಕಿಯ ಹತ್ತಿರದಿಂದ. "ಹೋದ ವರ್ಷ ಯಾವುದೋ ಸಣ್ಣ ಆಟದ ಕೊನೆ ಹೇಳಿದೆ ಅಂತ ನನ್ನ ಕೈಲಿ ಕ್ರಿಸ್‌ಮಸ್‌ವರೆಗೆ ಮಗ್ಗು ತೊಳೆಸಿದೆ. ಒಂದ್ಸಲನಾದ್ರೂ ಹೋಗಲಿ ಬಿಡು ಅಂದೆಯಾ? ಡೆಸ್ಮಂಡ್ ಬಾಯಿ ಬಿಟ್ರೆ ಹೊಟ್ಟೆಕಿಚ್ಚು ಅಂದೆ. ನಾವೇನು ಮಾಡಬೇಕಿತ್ತು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು. ಗೋಡೆಯ ಮೇಲಿನ ಕಾಗದವನ್ನು ಕಿತ್ತೆಳೆದ. ಅದರ ಜೊತೆಗೆ ಗೋಡೆಯ ಬಣ್ಣವೂ ಒಂದಿಷ್ಟು ಕಿತ್ತುಬಂತು. ಆ ಕೋಣೆಗೆ ಅವನು ಮತ್ತೆ ಕಾಲಿಡಲಿಲ್ಲ.

ಭಾನುವಾರ ಬಂತು. ದಾದಿಯರು ಗ್ಲೆನಿಸ್‌ಳನ್ನು ಕುರ್ಚಿಯಲ್ಲಿ ಕೂರಿಸಿ ಹೋಗಿದ್ದರು. ನಿದ್ದೆ ಬರಬಾರದೆಂದು ಅವಳು ಮಧ್ಯಾಹ್ನದ ಮಾತ್ರೆ ನುಂಗದೆ ಕೂತಿದ್ದಳು. ಕೈ ಎಂದಿಗಿಂತ ಹೆಚ್ಚು ಕುಣಿಯುತ್ತಿತ್ತು. ದಾರಿಯುದ್ದಕ್ಕೂ ನೆವಿಲ್ ಮಾತು ಜೋಡಿಸಿಕೊಂಡು ಬಂದಿದ್ದ. ಆ ಕೈ ನೋಡಿದ ಮೇಲೆ ಒಂದೂ ಹೊರಡಲಿಲ್ಲ. ಆಟ ಹಚ್ಚಿದ. ಚಾವಣಿಗಳನ್ನು ದಾಟಿಸಿದ. ಈಗ ಎಡಗೈ ಚೆನ್ನಾಗಿ ಪಳಗಿತ್ತು, ದರಿದ್ರದ್ದು. ಟೋಬಿನ್ ಕೊನೆಯ ಹೊಗೆಗೂಡಿನ ಅಂಚಿಗೆ ಬಂದು ನಿಂತ. ಅಲ್ಲಿಂದ ಒಂದು ನೆಗೆತ, ಆಚೆಗೆ ಬಾಗಿಲು.

"ಈಗ! ನೆಗೆ!" ಎಂದು ಗ್ಲೆನಿಸ್ ಕೂಗಿದಳು.

ನೆವಿಲ್ ಗುಂಡಿ ಒತ್ತಲಿಲ್ಲ. ಟೋಬಿನ್ ಸುಮ್ಮನೆ ನಡೆದು ಅಂಚಿನಿಂದ ಕೆಳಗೆ ಬಿದ್ದ.

ಮೊದಲಿನಿಂದ ಆಡಿದ. ಮತ್ತೆ ಅಲ್ಲೇ ಬೀಳಿಸಿದ. ಮುಂದಿನ ಭಾನುವಾರವೂ ಬೀಳಿಸಿದ. ನವೆಂಬರ್ ಪೂರ್ತಿ ಬೀಳಿಸಿದ. ಗ್ಲೆನಿಸ್ ಪ್ರತಿ ಸಲ ಮಾತ್ರೆ ಬಿಟ್ಟು, ಹಲ್ಲು ಕಚ್ಚಿ ಎಚ್ಚರವಾಗಿ ಕೂತಿದ್ದು, ಅವನು ಬೀಳಿಸಿದಾಗ ಬಾಯಿ ತುಂಬ ಬೈಯುತ್ತಿದ್ದಳು.

"ಕೈ ಹೋಯ್ತಲ್ಲೋ ನಿಂಗೆ! ನಡೆಸೋದಿರಲಿ, ನೆಗೆಸೋದೂ ಮರೆತೆಯಾ? ಹುಡುಗ ಆಗಿದ್ದಾಗ ಈ ನೆಗೆತ ಒಂದ್ಸಲಾನೂ ತಪ್ಪಿಸಿರಲಿಲ್ಲ ನೀನು."

"ವಯಸ್ಸಾಯ್ತು ಗ್ಲೆನಿಸ್."

"ವಯಸ್ಸಂತೆ. ಇರ್ಲಿ, ಬೇಸಿಗೆಯೊಳಗೆ ತೆಗೀತೀಯ ಬಿಡು. ಬಾಗಿಲು ತೆರೆದ ಮಾರನೇ ಭಾನುವಾರ ಕ್ಲೀತಾರ್ಪ್ಸ್. ನೀನೇ ತಾನೇ ಹೇಳಿದ್ದು?"

"ಹೂಂ, ನಾನೇ," ಎಂದು ನೆವಿಲ್ ಟೋಬಿನ್ನನ್ನು ಮತ್ತೆ ಮೊದಲ ಚಾವಣಿಯ ಮೇಲೆ ನಿಲ್ಲಿಸಿದ.