ಹೂವಿನಂಚಿನಲ್ಲಿ ನಿಂತವಳು

ಪಕ್ಕದ ಮನೆಯ ಅಮ್ಮ ಬಂದರೆ ಸೋಫಾದ ತುದಿಯಲ್ಲಷ್ಟೇ ಕೂರುತ್ತಿದ್ದರು, ಈಗಲೇ ಎದ್ದು ಹೊರಡುವವರ ಹಾಗೆ. ಆದರೆ ಎರಡನೆಯ ಲೋಟ ಕಾಫಿ ಮುಗಿಯದೆ ಏಳುತ್ತಿರಲಿಲ್ಲ. ಆಲ್ದೂರಿನ ಕಾಫಿ ತೋಟ ಮಾರಿ ಚಿಕ್ಕಮಗಳೂರಿಗೆ ಬಂದ ಮೇಲೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದರು.

ನಾನು ಆಗ ಟಿವಿಯಲ್ಲಿ ಹೊಸ ವಿಡಿಯೋ ಗೇಮೊಂದರ ಜೊತೆ ಪೇಚಾಡುತ್ತಿದ್ದೆ. ಕತ್ತಿ ಹಿಡಿದ ಹುಡುಗಿಯೊಬ್ಬಳು ಬಂಡೆಯಿಂದ ಬಂಡೆಗೆ ಹಾರುತ್ತ ಕಾಡು ದಾಟಬೇಕು. ಒಂದೊಂದು ಎಲೆಯನ್ನೂ ಕೈಯಲ್ಲೇ ಚಿತ್ರಿಸಿದಂತಿತ್ತು. ಆಟ ಮಾತ್ರ ಸಪ್ಪೆ. ಬಟನ್ ಒತ್ತಿದರೆ ತಡವಾಗಿ ಹಾರಿ ಹೊಂಡಕ್ಕೆ ಬೀಳುತ್ತಿದ್ದಳು. ಕೊಂದ ರಾಕ್ಷಸನನ್ನೇ ಮತ್ತೆ ಮತ್ತೆ ಕೊಲ್ಲಬೇಕಿತ್ತು.

"ನೋಡೋಕಷ್ಟೇ ಚಂದ ಅಮ್ಮ, ಡಿಲೀಟ್ ಮಾಡ್ತೀನಿ," ಎನ್ನುತ್ತಿದ್ದೆ.

"ಸ್ವಲ್ಪ ನಿಲ್ಸು ಮಾರಾಯ, ನೋಡ್ತೀನಿ," ಎನ್ನುತ್ತಿದ್ದರು.

ಒಂದು ಸಂಜೆ ಟಿವಿಯಲ್ಲಿ ಬಿಳಿ ಹೂ ತುಂಬಿದ ಗಿಡಗಳ ಸಾಲು ಬಂತು, ಥೇಟ್ ಕಾಫಿ ಹೂವು. ಅದನ್ನು ಕತ್ತಿಯಿಂದ ಸವರಿಕೊಂಡೇ ಮುಂದೆ ಹೋಗಬೇಕು. ಅಮ್ಮ ನನ್ನ ಕೈ ಹಿಡಿದುಬಿಟ್ಟರು.

"ನಿಲ್ಸು ಮಾರಾಯ! ಹೂವಾದಾಗ ಯಾರಾದ್ರೂ ತೋಟಕ್ಕೆ ಇಳೀತಾರಾ? ಕಾಯಿ ಕಚ್ಚೋದು ಬೇಡ್ವಾ? ಹೂವು ಉದುರ್ಲಿ, ಆಮೇಲೆ ಹೋಗ್ಲಿ ಅವಳು."

"ಇದು ಆಟ ಅಮ್ಮ."

"ಆದ್ರೇನು?"

ಹುಡುಗಿಯನ್ನು ಸಾಲಿನ ಈಚೆಗೇ ನಿಲ್ಲಿಸಿದೆ. ಆಮೇಲೆ ಬಂದಾಗಲೆಲ್ಲ ಅಮ್ಮ ಟಿವಿ ಹಾಕಿಸಿ, ಕನ್ನಡಕ ಒರೆಸಿಕೊಂಡು, "ಇನ್ನೂ ಉದುರಿಲ್ಲ ಅಲ್ವಾ?" ಎಂದು ಕೇಳಿ ಸಮಾಧಾನವಾಗಿ ಕಾಫಿ ಕುಡಿಯುತ್ತಿದ್ದರು. ಆ ಹೂವು ಉದುರುವಂಥದ್ದಲ್ಲ ಎಂದು ನಾನೂ ಹೇಳಲಿಲ್ಲ.

ಅಮ್ಮ ಈಗಿಲ್ಲ. ಬೇರೆ ಆಟಗಳನ್ನೆಲ್ಲ ಡಿಲೀಟ್ ಮಾಡಿದ್ದೇನೆ. ಆ ಹುಡುಗಿ ಮಾತ್ರ ಕತ್ತಿ ಕೆಳಗಿಳಿಸಿಕೊಂಡು ಹೂವಿನಂಚಿನಲ್ಲಿ ಇನ್ನೂ ಕಾಯುತ್ತಿದ್ದಾಳೆ.