ಅರ್ಧ ಹೆಸರು ಬೇಡ

ಸ್ನೇಹಿತರೇ, ಇವತ್ತು ಸಾಕಾಗಿಹೋಯಿತು. ಮುಳುಗಿದ ದೋಣಿಯಿಂದ ಬದುಕಿ ಬಂದವರ ಹೆಸರುಗಳು ಮಂಗಳೂರಿನಿಂದ ನಮ್ಮ ಉಡುಪಿ ಕಚೇರಿಗೆ ಟೆಲಿಫೋನ್ ತಂತಿಯ ಡೇಟಾ ಲಿಂಕಿನಲ್ಲಿ ಕಂಪ್ಯೂಟರಿಗೆ ಬರಬೇಕಿತ್ತು. ಟ್ರಂಕ್ ಕಾಲ್ ಸಿಗುತ್ತಿರಲಿಲ್ಲ. ಲಿಂಕಿನಲ್ಲಿ ಸಂದೇಶ ಫ್ರೇಮ್ ಎಂಬ ತುಂಡು ತುಂಡಾಗಿ ಬರುತ್ತದೆ. ಒಂದಕ್ಷರ ಕೆಟ್ಟರೂ ಯಂತ್ರದೊಳಗಿನ ತಪಾಸಣೆಯ ಚಿಪ್ ಆ ಫ್ರೇಮನ್ನು ಎಸೆದು, ಮತ್ತೆ ಕಳಿಸಲು ಕೇಳುತ್ತದೆ. ಲೈನು ಕೆಟ್ಟಿತ್ತು, ಪರದೆ ಖಾಲಿಯಿತ್ತು.

"ಕೆಟ್ಟಿದ್ದರೂ ಬಂದಷ್ಟು ತೋರಿಸು ಮಾರಾಯ, ಜನ ಕಾಯ್ತಾ ಉಂಟು" ಎಂದು ಸಾಹೇಬರು ರೇಗಿದರು.

"ಹೆಸರು ತಪ್ಪಿದರೆ ಎಂತ ಮಾಡುವುದು ಸರ್?" ಎಂದೆ.

ಬಾಗಿಲಲ್ಲಿ ನಿಂತಿದ್ದ ಕಾಪುವಿನ ಲಲಿತಕ್ಕ, "ನನ್ನ ಗಂಡ ವಾಸು, ಜೊತೆಗೆ ಹೋದವರು ವಾಸುದೇವ. ಅರ್ಧ ಹೆಸರು ಬೇಡ, ಪೂರ್ತಿ ಬರುವವರೆಗೆ ನಾನು ಕೂರುತ್ತೇನೆ" ಎಂದರು.

ಸಂಜೆ ಫ್ರೇಮ್ ಸರಿಯಾಗಿ ಬಂತು. ಇಬ್ಬರೂ ಬದುಕಿದ್ದರು. ಲಲಿತಕ್ಕ ಅತ್ತುಬಿಟ್ಟರು.

"ನನಗೆ ಬೆಳಿಗ್ಗೆಯೇ ಅನಿಸಿತ್ತು" ಎಂದರು ಸಾಹೇಬರು. ಅನಿಸಿದ್ದನ್ನು ಕಳಿಸುವ ಚಿಪ್ ಇನ್ನೂ ಬಂದಿಲ್ಲ ಎಂದು ಹೇಳಲೂ ನನಗೆ ತ್ರಾಣವಿರಲಿಲ್ಲ.