ಹಸಿ ಗೋಡೆಯ ಬಾಣಂತಿ ಕೋಣೆ

ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಬಾಣಂತನ ಮುಗಿಯುವ ಮುನ್ನವೇ ಅದು ಹೋಯಿತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದ ಮಾತು ಒಂದೇ, ಅದು ಅಳುತ್ತಿರಲಿಲ್ಲವಂತೆ. ಸಣ್ಣವಳಿದ್ದಾಗ ನಾನು ರಚ್ಚೆ ಹಿಡಿದಾಗಲೆಲ್ಲ ಅವ್ವ, "ನಿಮ್ಮ ಅಕ್ಕ ಹಿಂಗ ಇರಲಿಲ್ಲ. ಭಾಳ ಶಾಣ್ಯಾ ಕೂಸು. ಒಂದ ದಿನಾನೂ ಅತ್ತಾಕಿ ಅಲ್ಲ" ಎನ್ನುತ್ತಿದ್ದಳು. ಕಣ್ಣಿಂದ ನೋಡದ ಆ ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಸತ್ತವರ ಜೊತೆ ಪಂದ್ಯಕ್ಕೆ ನಿಲ್ಲಿಸಿದರೆ ಗೆಲ್ಲುವುದಾದರೂ ಹೇಗೆ?

ನಾನು ಚೊಚ್ಚಲ ಹೆರಿಗೆಗೆಂದು ದಡ್ಡಿ ಊರಿನ ಗಂಡನ ಮನೆಯಿಂದ ಚಕ್ಕಡಿಯಲ್ಲಿ ತವರೂರು ಮಸಗುಪ್ಪಿಗೆ ಬಂದಾಗ ಅಪ್ಪ ಹೊಸ ಮನೆ ಕಟ್ಟಿ ಮುಗಿಸಿದ್ದ. ಮೊಮ್ಮಗು ಅಲ್ಲೇ ಹುಟ್ಟಬೇಕೆಂಬ ಹಟ ಅವನದು. ಗೋಡೆ ಒಂದು ಬೇಸಿಗೆ ಕಾಣಲಿ ಎಂದು ಕಂಡವರೆಲ್ಲ ಹೇಳಿದ್ದರಂತೆ. ಅಪ್ಪ ಯಾರ ಮಾತಿಗೆ ಕಿವಿಗೊಟ್ಟವನು? ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಒಳಗೆ ಕಾಲಿಟ್ಟರೆ ಕೆರೆಯ ದಂಡೆಯ ವಾಸನೆ. ಮಳೆ ಹಿಡಿದ ಮೇಲಂತೂ ಗೋಡೆ ಬೆವರತೊಡಗಿತು. ಉಪ್ಪಿನ ಗಡಿಗೆಯಲ್ಲಿ ನೀರು ನಿಂತಿತು. ಹಪ್ಪಳ ಮುರಿಯುವ ಬದಲು ಬಾಗುತ್ತಿತ್ತು. ಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ. ಮಾಡದಲ್ಲಿಟ್ಟ ವಿಭೂತಿ ಗಟ್ಟಿ ಮೆತ್ತಗಾದ ದಿನ ಅವ್ವನ ಮುಖ ಸಣ್ಣದಾಯಿತು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ಒತ್ತಿ, ಜ್ವರ ನೋಡುವವನಂತೆ ನಿಂತು, "ಆರಾಕತ್ತೇತಿ" ಎನ್ನುತ್ತಿದ್ದ. ಆಮೇಲೆ ಒದ್ದೆ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ.

ಮಗಳು ಹುಟ್ಟಿದಳು. ಮಾಳಿಗೆ ಹಾರಿಹೋಗುವಂತೆ ಅತ್ತಳು. ಬಾಣಂತಿಯ ಹೊರಸಿನ ಕೆಳಗೆ ಬೆಂಕಿ ಇಡುವುದು ನಮ್ಮಲ್ಲಿ ಪದ್ಧತಿ. ಸಗಣಿ ಕುಳ್ಳಿನ ಬೆಂಕಿಗೆ ಹೊಗೆ ಜಾಸ್ತಿ, ಹಾಗಾಗಿ ಬೆಳಕಿಂಡಿ ತೆರೆದಿಡಲೇಬೇಕು. ತೆರೆದಿಟ್ಟರೆ ಹೊಗೆ ಹೋಗಿ ಅದರ ಜಾಗಕ್ಕೆ ಹಸಿಗಾಳಿ, ಮಳೆಹನಿ ಬರುತ್ತಿದ್ದವು. ಅಪ್ಪ ತಲೆ ಓಡಿಸಿದ. ಕಮ್ಮಾರನ ಹತ್ತಿರ ಜಾಲಿಯ ಇದ್ದಲಿ ತಂದು ಕಬ್ಬಿಣದ ಅಗ್ಗಿಷ್ಟಿಕೆಗೆ, ನಮ್ಮ ಕಡೆಯ ಶಿಗಡಿಗೆ, ತುಂಬಿ ಹೊರಸಿನ ಕೆಳಗಿಟ್ಟ.

"ಇದಕ್ಕ ಹೊಗಿ ಇಲ್ಲ. ಇನ್ನ ಬೆಳಕಿಂಡಿ ಯಾಕ ಬೇಕು? ಗ್ವಾಡಿನೂ ಆರತೈತಿ, ಬಾಣಂತಿಗೂ ಬೆಚ್ಚಗ ಆಗತೈತಿ" ಎಂದು ಮಾಳಿಗೆ ಹತ್ತಿ, ಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಿ, ಸುತ್ತ ಕೆಸರು ಮೆತ್ತಿ ಬಂದ. ಅವ್ವ ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದಳು. "ನನ್ನ ತವರು ಕೌಜಲಗ್ಯಾಗ ನಮ್ಮಪ್ಪನೂ ನನ್ನ ಮೊದಲ ಬಾಣಂತನಕ್ಕ ಹಿಂಗ ಇದ್ದಲಿ ತರಿಸಿದ್ದ" ಎಂದು ಸಂತೋಷದಿಂದಲೇ ಹೇಳಿದಳು.

ಗೋಡೆ ನಿಜವಾಗಿಯೂ ಆರತೊಡಗಿತು. ಮಗಳೂ ಸುಮ್ಮನಾದಳು.

ನೋಡಲು ಬಂದ ಹೆಂಗಸರು, "ಎಂಥಾ ಶಾಣ್ಯಾ ಕೂಸ್ರಿ, ಅಳೂ ಸುದ್ದೀನ ಇಲ್ಲ. ಹೊಸಾ ಮನಿ ಗುಣ ನೋಡ್ರಿ" ಎಂದರು.

"ಥೇಟ್ ನಮ್ಮ ದೊಡ್ಡಾಕಿ ಹಂಗ" ಎಂದಳು ಅವ್ವ.

ಆ ಮಾತಿಗೆ ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ನೀರು ಎರೆಯಲು ಹಿತ್ತಲ ಬಚ್ಚಲಿಗೆ ಒಯ್ದಾಗ ಮಾತ್ರ ಕೂಸು ಕಿರುಚುತ್ತಿತ್ತು. ನೀರಿಗೆ ಅಂಜುತ್ತದೆ ಎಂದರು. ಒಳಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ಸುಮ್ಮನೆ. ಮೊಲೆ ಬಾಯಿಗಿಟ್ಟರೂ ಚೀಪುತ್ತಿರಲಿಲ್ಲ. ನನಗೆ ತಲೆ ಸಿಡಿದುಹೋಗುತ್ತಿತ್ತು. ಹೇಳಿದರೆ ಅವ್ವ, "ಹಸೀ ಮೈ, ಗಾಳಿ ಹೊಕ್ಕೈತಿ" ಎಂದು ಶಿಗಡಿಗೆ ಇನ್ನಷ್ಟು ಕೆಂಡ ಹಾಕುತ್ತಿದ್ದಳು. ಎಲ್ಲರೂ ಹೊಗಳುತ್ತಿದ್ದ ಆ ಮೌನ ನನಗೆ ಬೇಡವಾಗಿತ್ತು. ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತ ಕೂರುತ್ತಿದ್ದೆ.

ಮನೆಯ ಬೆಕ್ಕು ಹೊರಸಿನ ಕೆಳಗೆ ಶಿಗಡಿಯ ಪಕ್ಕವೇ ಠಿಕಾಣಿ ಹೂಡಿತ್ತು. ಒಂದು ಮಧ್ಯಾಹ್ನ, ಹೊರಗೆ ಜೋರು ಮಳೆ, ಅದು ಎದ್ದು ಕುಡಿದವರ ಹಾಗೆ ವಾಲಾಡುತ್ತ ಹೋಗಿ ಬಾಗಿಲು ಪರಚಿತು. ನನಗೆ ಅನ್ನ ತಂದ ಅವ್ವ ಬಾಗಿಲು ತೆರೆದಾಗ ಹೊರಬಿದ್ದು, ಪಡಸಾಲೆಯಲ್ಲಿ ಕಾರಿಕೊಂಡು, ಸೀದಾ ಮಳೆಯಲ್ಲಿ ಹೋಗಿ ಕೂತಿತು. ಅವ್ವ ಅದನ್ನು ಬೈದು ತಾಟು ಇಟ್ಟು ಬಾಗಿಲು ಎಳೆದುಕೊಂಡಳು. ಬೆಕ್ಕಿಗೆ ನಮ್ಮಷ್ಟು ಮರ್ಯಾದೆ ಇರಲಿಲ್ಲ, ಬಾಣಂತನದ ಕಟ್ಟಳೆಯೂ ಇರಲಿಲ್ಲ, ಹೋಗಿಬಿಟ್ಟಿತು. ಬೆಂಕಿಯ ಬಳಿ ಮಲಗಿದ್ದ ಬೆಕ್ಕು ಮಳೆಯೇ ವಾಸಿ ಎಂದು ಹೋಗುತ್ತದೆಂದರೆ ಒಳಗೆ ಮಳೆಗಿಂತ ಕೆಟ್ಟದ್ದು ಏನೋ ಇದೆ.

ಮಗಳ ಅಂಗಾಲು ಚಿವುಟಿದೆ. ಅಲುಗಲಿಲ್ಲ. ಎದ್ದು ನಿಂತರೆ ಕಾಲಲ್ಲಿ ಬಲವಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡು ತೆವಳುತ್ತ ಹೋಗಿ ಬಾಗಿಲು ಎಳೆದು, ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಬಿದ್ದೆ. ಮಳೆಯ ಎರಚಲು ಮುಖಕ್ಕೆ ಹೊಡೆಯಿತು.

ಅವ್ವ ಓಡಿಬಂದಳು. "ಹಸೀ ಬಾಣಂತಿ ಗಾಳಿಗೆ ಬಂದ್ಯಾ? ಕೂಸಿನ ಕೊಲ್ಲತೀಯೇನ?"

"ನಾ ಒಳಗ ಹೋಗೂದಿಲ್ಲ" ಎಂದೆ. "ಇದ್ದಲಿ ಕೆಂಡ ಇಟ್ಟ ಆ ಕ್ವಾಣ್ಯಾಗ ಉಸಿರಿಲ್ಲವ್ವ. ಬಚ್ಚಲದಾಗ ಗಾಳಿ ಐತಿ, ಅದಕ್ಕ ಅಲ್ಲಿ ಅಳತೈತಿ."

ಸದ್ದು ಕೇಳಿ ಬಂದ ಅಪ್ಪ ನನ್ನನ್ನು ನೋಡಿದ, ಕೂಸಿನ ಮುಖ ನೋಡಿದ. ಒನಕೆ ಹಿಡಿದು ಕೋಣೆಗೆ ನುಗ್ಗಿ ಬೆಳಕಿಂಡಿಯ ಗಡಿಗೆಯನ್ನು ಕೆಳಗಿಂದಲೇ ಗುದ್ದಿ ಒಡೆದ. ಶಿಗಡಿಯನ್ನು ಎಳೆದು ತಂದು ಮಳೆಯಲ್ಲಿ ಬೋರಲು ಹಾಕಿದ. ಆ ವರ್ಷ ಗೋಡೆ ದೀಪಾವಳಿಯವರೆಗೂ ಆರಲಿಲ್ಲ, ಅವನೂ ಮತ್ತೆ ಅದಕ್ಕೆ ಕೈ ಹಚ್ಚಿ ನೋಡಲಿಲ್ಲ. ಆದರೆ ಅದು ಆಮೇಲಿನ ಮಾತು.

ಮಗಳು ಒಮ್ಮೆ ಬಿಕ್ಕಿದಳು. ಮತ್ತೆ ಸುಮ್ಮನಾದಳು. ಅವಳ ಬೆನ್ನು ತಿಕ್ಕಿದೆ. ಎರಚಲಿಗೆ ಮುಖ ಕಿವುಚಿ ಇನ್ನೊಮ್ಮೆ ಬಿಕ್ಕಿದಳು, ಆಮೇಲೆ ಅತ್ತಳು. ಹುಟ್ಟಿದ ದಿನದ ಹಾಗೆ, ಊರಿಗೆಲ್ಲ ಕೇಳುವ ಹಾಗೆ. ನಾನೂ ಜೊತೆಗೆ ಅತ್ತೆ.

ಅವ್ವ ಕೂಸನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕಂಬಕ್ಕೆ ಆತು ಕುಸಿದು ಕೂತಿದ್ದಳು. ಅಳು ಜೋರಾದಷ್ಟೂ ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು. ನನಗಲ್ಲ, ತೆರೆದ ಕೋಣೆಯ ಕಡೆ ನೋಡುತ್ತ ಹೇಳಿದಳು:

"ನಮ್ಮ ದೊಡ್ಡಾಕಿನೂ ಬಚ್ಚಲದಾಗ ಮಾತ್ರ ಅಳತಿದ್ಲು."